ಕ್ಯಾಲಿಫೋರ್ನಿಯಾದಲ್ಲಿ ಮನೆಯ ಡೀಡ್ ರೆಕಾರ್ಡ್ ಮಾಡಿಸುವುದು: ಹಳೇ ಪತ್ರದಿಂದ ಕೌಂಟಿ ಕೌಂಟರ್‌ವರೆಗೆ

ಊರಲ್ಲಿ ಸೈಟು ಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲು ಕಾದವರಿಗೆ ಅಮೆರಿಕದ ಕೌಂಟಿ ರೆಕಾರ್ಡರ್ ಕಚೇರಿಯನ್ನು ಮೊದಲ ಸಲ ಕಂಡಾಗ ಇಷ್ಟೇನಾ ಅನ್ನಿಸುತ್ತದೆ. ಕೊಡುವವರೂ ತೆಗೆದುಕೊಳ್ಳುವವರೂ ಖುದ್ದಾಗಿ ಬರಬೇಕಿಲ್ಲ. ಫೋಟೊ ಹಿಡಿಯುವುದಿಲ್ಲ, ಸಾಕ್ಷಿ ಕೇಳುವುದಿಲ್ಲ. ಡೀಡ್, ಎಂದರೆ ಮನೆಯ ಹಕ್ಕು ಬರೆದುಕೊಡುವ ಪತ್ರ, ಕೊಟ್ಟು ಫೀ ಕಟ್ಟಿದರೆ ಮೇಲೊಂದು ನಂಬರು ಒತ್ತಿ, ಸ್ಕ್ಯಾನ್ ಮಾಡಿಕೊಂಡು, ಮೂಲ ಪತ್ರವನ್ನು ನಿಮಗೇ ಹಿಂದಿರುಗಿಸುತ್ತಾರೆ.

ಅಪಾಯ ಇರುವುದೂ ಈ ಸಲೀಸಿನಲ್ಲೇ. ರೆಕಾರ್ಡರ್ ನೋಡುವುದು ಕಾಗದದ ಅಳತೆ, ನೋಟರಿಯ ಸರ್ಟಿಫಿಕೇಟು, ತೆರಿಗೆಯ ಘೋಷಣೆ ಮತ್ತು ಫೀ. ಬರೆದುಕೊಟ್ಟವರಿಗೆ ಆ ಮನೆಯ ಮೇಲೆ ಹಕ್ಕಿದೆಯೇ, ಲಾಟ್ (ಸೈಟಿನ) ನಂಬರು ಸರಿಯೇ, ಹೆಸರಿನ ಮುಂದೆ ಬರೆದ ಹಕ್ಕಿನ ಬಗೆ ನಿಮಗೆ ಬೇಕಾದದ್ದೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ತಪ್ಪು ಡೀಡೂ ಸರಿಯಾದ ಡೀಡಿನಷ್ಟೇ ಸುಲಭವಾಗಿ ರೆಕಾರ್ಡ್ ಆಗುತ್ತದೆ. ಆ ತಪ್ಪು ಕಣ್ಣಿಗೆ ಬೀಳುವುದು ವರ್ಷಗಳ ಮೇಲೆ, ಮನೆ ಮಾರಲು ಹೊರಟಾಗ ಅಥವಾ ಮನೆಯವರಲ್ಲಿ ಒಬ್ಬರು ತೀರಿಕೊಂಡಾಗ. ಹಾಗಾಗಿ ಕೌಂಟರಿಗೆ ಹೋಗುವ ಮುಂಚಿನ ಕೆಲಸಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಅಮೆರಿಕದ ಪ್ರತಿ ರಾಜ್ಯದ ಕಾನೂನು ಬೇರೆ. ಇಲ್ಲಿರುವುದು 58 ಕೌಂಟಿಗಳ ಕ್ಯಾಲಿಫೋರ್ನಿಯಾದ ಕ್ರಮ. ಉದಾಹರಣೆಗೆ ಹಿಡಿದಿರುವುದು ಸ್ಯಾನ್ ಹೊಸೆ, ಸನಿವೇಲ್, ಕ್ಯೂಪರ್ಟಿನೊ ಎಲ್ಲ ಸೇರುವ ಸಾಂಟಾ ಕ್ಲಾರಾ ಕೌಂಟಿಯ ಒಂದು ಮನೆ. ನಮ್ಮವರ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂದರ್ಭ ಇದು: ಮನೆ ಕೊಳ್ಳುವಾಗ ಸಾಲ ಗಂಡನ ಹೆಸರಿನಲ್ಲಿ, ಹೆಂಡತಿ ಆಗ ಎಚ್-4 (ಅವಲಂಬಿತರ) ವೀಸಾದಲ್ಲಿ, ಸಂಬಳವೂ ಇಲ್ಲ, ಕ್ರೆಡಿಟ್ ಸ್ಕೋರೂ ಇಲ್ಲ. ಮನೆ ಕೈಗೆ ಬರುವ ದಿನ ಆಕೆಯಿಂದ ಒಂದು ಇಂಟರ್‌ಸ್ಪೌಸಲ್ (ಗಂಡ-ಹೆಂಡತಿಯರ ನಡುವಿನ) ಡೀಡಿಗೆ ಸಹಿ ಹಾಕಿಸಿಕೊಂಡು, ಮನೆಯನ್ನು ಗಂಡನೊಬ್ಬನ ಪ್ರತ್ಯೇಕ ಆಸ್ತಿ ಎಂದು ದಾಖಲಿಸಿರುತ್ತಾರೆ. ನಾಲ್ಕಾರು ವರ್ಷ ಕಳೆದ ಮೇಲೆ ಇಬ್ಬರ ಹೆಸರೂ ಬರಲಿ ಎಂದು ಯೋಚನೆ ಹುಟ್ಟುತ್ತದೆ. (ಗಂಡ-ಹೆಂಡತಿ ಅದಲು ಬದಲಾದರೂ ಕ್ರಮ ಒಂದೇ.)

ಯಾವ ಕಚೇರಿಗೆ ಯಾವ ಕೆಲಸ

ಕೌಂಟಿ ರೆಕಾರ್ಡರ್ ಎಂದರೆ ನಮ್ಮ ಸಬ್ ರಿಜಿಸ್ಟ್ರಾರ್ ಇದ್ದಂತೆ, ಪತ್ರ ದಾಖಲಿಸುವ ಕಚೇರಿ. ಅಸೆಸರ್ ಎಂದರೆ ಖಾತೆ ನೋಡಿಕೊಳ್ಳುವವರು: ಯಾರ ಹೆಸರಿಗೆ, ಎಷ್ಟು ಬೆಲೆಗೆ ಕಂದಾಯ ಎಂದು ನಿರ್ಧರಿಸುತ್ತಾರೆ. ನಮ್ಮ ಪಿಐಡಿ ನಂಬರಿನ ಹಾಗೆ ಇಲ್ಲಿ ಎಪಿಎನ್ ಎಂಬ ಪಾರ್ಸೆಲ್ ನಂಬರು. ಇಸಿ ತೆಗೆಸುವುದರ ಬದಲಿಗೆ ರೆಕಾರ್ಡರ್ ಕಚೇರಿಯ ಗ್ರ್ಯಾಂಟರ್-ಗ್ರ್ಯಾಂಟೀ ಇಂಡೆಕ್ಸ್ ನೋಡಬೇಕು. ಕೊಟ್ಟವರು, ಪಡೆದವರು ಇಬ್ಬರ ಹೆಸರಿನಲ್ಲೂ ಹುಡುಕಬಹುದು.

ರೆಕಾರ್ಡ್ ಆಗದ ಡೀಡು ಕೊಟ್ಟವರು-ಪಡೆದವರ ನಡುವೆ ನಡೆಯುತ್ತದೆ. ಸಹಿಯಾಗಿ, ಕೈ ಬದಲಾಗಿ, ಪಡೆದವರು ಒಪ್ಪಿದ್ದರೆ ಸಾಕು. ರೆಕಾರ್ಡ್ ಬೇಕಾಗುವುದು ಮೂರನೆಯವರ ಮುಂದೆ. ಸಿವಿಲ್ ಕೋಡಿನ 1214ನೇ ಸೆಕ್ಷನ್ ಪ್ರಕಾರ, ನಿಮ್ಮ ಡೀಡಿನ ಸುದ್ದಿಯೇ ತಿಳಿಯದೆ ಹಣ ಕೊಟ್ಟು ಅದೇ ಮನೆ ಕೊಂಡವರು, ಇಲ್ಲವೇ ಅದರ ಮೇಲೆ ಸಾಲ ಕೊಟ್ಟವರು, ನಿಮಗಿಂತ ಮೊದಲು ರೆಕಾರ್ಡ್ ಮಾಡಿಸಿದರೆ ಅವರದೇ ಮೇಲುಗೈ. ಸಹಿ ಹಾಕಿಸಿದ ಡೀಡನ್ನು ಬೀರುವಿನಲ್ಲಿಟ್ಟು ಮರೆಯುವುದು ಈ ಕಾರಣಕ್ಕೆ ಕೆಟ್ಟ ಅಭ್ಯಾಸ.

ಸಹಿಗೆ ಮುಂಚಿನ ಲೆಕ್ಕ

ಮೊದಲನೆಯದು ಕಂದಾಯ. 1978ರ ಪ್ರಾಪೊಸಿಷನ್ 13ರಿಂದಾಗಿ ಕ್ಯಾಲಿಫೋರ್ನಿಯಾದಲ್ಲಿ ಮನೆಯ ತೆರಿಗೆಯ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವುದಿಲ್ಲ. ಒಡೆತನ ಬದಲಾದಾಗ ಮಾತ್ರ ಮಾರುಕಟ್ಟೆ ಬೆಲೆಗೆ ಹಾರುತ್ತದೆ. ಗಂಡ-ಹೆಂಡತಿಯರ ನಡುವಿನ ವರ್ಗಾವಣೆಯನ್ನು ಒಡೆತನದ ಬದಲಾವಣೆ ಎಂದು ಲೆಕ್ಕ ಹಿಡಿಯುವುದಿಲ್ಲ. ನೀವೇ ರದ್ದು ಮಾಡಬಲ್ಲ ಲಿವಿಂಗ್ ಟ್ರಸ್ಟಿಗೆ (ಬದುಕಿರುವಾಗಲೇ ಆಸ್ತಿ ಇಡುವ ಟ್ರಸ್ಟ್) ಹಾಕಿದರೂ ಅಷ್ಟೇ. ಆದರೆ ತಮ್ಮನ ಹೆಸರನ್ನೋ ಗೆಳೆಯನ ಹೆಸರನ್ನೋ ಅರ್ಧ ಪಾಲಿಗೆ ಸೇರಿಸಿದರೆ ಸಾಮಾನ್ಯವಾಗಿ ಆ ಅರ್ಧಕ್ಕೆ ಇಂದಿನ ಬೆಲೆ ಬೀಳುತ್ತದೆ. 2005ರಲ್ಲಿ 6 ಲಕ್ಷ ಡಾಲರಿಗೆ ಕೊಂಡ ಮನೆಗೆ ಈಗ 20 ಲಕ್ಷ ಡಾಲರ್ ಬೆಲೆಯಿದ್ದರೆ, ಅರ್ಧ ಭಾಗವನ್ನು 10 ಲಕ್ಷ ಎಂದು ಎಣಿಸುತ್ತಾರೆ. ಮೂಲ ದರವೇ ಶೇ 1, ಮೇಲೆ ಊರಿನ ಸೆಸ್ಸುಗಳು. ಈ ಹೆಚ್ಚುವರಿ ತೆರಿಗೆಯ ಸಪ್ಲಿಮೆಂಟಲ್ ಬಿಲ್ ಕೈಗೆ ಬಂದಾಗ ಎದೆ ಹಿಡಿದುಕೊಳ್ಳುವವರು ಸಾಮಾನ್ಯವಾಗಿ ಇವರೇ. ಮಕ್ಕಳಿಗೆ ಕೊಡುವಾಗಲೂ 2021ರ ಫೆಬ್ರುವರಿ 16ರಿಂದ ಪ್ರಾಪೊಸಿಷನ್ 19ರ ನಿಯಮ ನಡೆಯುತ್ತದೆ: ತಂದೆ-ತಾಯಿ ವಾಸವಿದ್ದ ಮನೆಯಾಗಿರಬೇಕು, ಮಗನೋ ಮಗಳೋ ಒಂದು ವರ್ಷದೊಳಗೆ ಅಲ್ಲೇ ವಾಸಕ್ಕೆ ಬರಬೇಕು, ಹಾಗಿದ್ದರೂ ವಿನಾಯಿತಿಗೆ ಮಿತಿಯುಂಟು.

ಎರಡನೆಯದು ಗಿಫ್ಟ್ ಟ್ಯಾಕ್ಸ್. ಹೆಂಡತಿ ಅಮೆರಿಕದ ಪ್ರಜೆಯಾಗಿದ್ದರೆ ಎಷ್ಟು ಕೊಟ್ಟರೂ ಚಿಂತೆಯಿಲ್ಲ. ಗ್ರೀನ್ ಕಾರ್ಡ್ ಅಥವಾ ವೀಸಾದಲ್ಲಿದ್ದರೆ ವರ್ಷಕ್ಕೊಂದು ಮಿತಿಯಿದೆ, 2025ಕ್ಕೆ ಅದು 1,90,000 ಡಾಲರ್. ಪ್ರತ್ಯೇಕ ಆಸ್ತಿಯ ಅರ್ಧ ಪಾಲು ಈ ಮಿತಿಯನ್ನು ಎಷ್ಟೋ ಸಲ ಮೀರುತ್ತದೆ. ಹಕ್ಕಿನ ಬಗೆ ಯಾವುದು, ಮನೆಯ ಸಾಲ ತೀರಿಸುತ್ತಿರುವುದು ಯಾರ ದುಡಿಮೆ ಎಂಬುದರ ಮೇಲೆ ಲೆಕ್ಕ ಬದಲಾಗುವುದರಿಂದ ಸಹಿಗೆ ಮುಂಚೆಯೇ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕರು) ಹತ್ತಿರ ಕೇಳಿ. ಪ್ರಜೆಗಳಾದ ಗೆಳೆಯರು ಕೊಡುವ ಸಲಹೆ ಈ ಒಂದು ವಿಷಯದಲ್ಲಿ ನಿಮಗೆ ಹೊಂದುವುದಿಲ್ಲ.

ಮೂರನೆಯದು ಬ್ಯಾಂಕು. ಮನೆ ಕೈ ಬದಲಾದರೆ ಪೂರ್ತಿ ಸಾಲ ಕೇಳುವ ಹಕ್ಕು ಸಾಲಪತ್ರದಲ್ಲಿ ಬ್ಯಾಂಕಿಗಿರುತ್ತದೆ. ಆದರೆ 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯ್ದೆಯ ಪ್ರಕಾರ ಗಂಡ, ಹೆಂಡತಿ, ಮಕ್ಕಳನ್ನು ಒಡೆತನಕ್ಕೆ ಸೇರಿಸಿದ್ದಕ್ಕೆ ಆ ಹಕ್ಕು ಚಲಾಯಿಸುವಂತಿಲ್ಲ. ಡೀಡಿನಲ್ಲಿ ಹೆಸರು ಬಂದ ಮಾತ್ರಕ್ಕೆ ಹೆಂಡತಿ ಸಾಲಗಾರಳಾಗುವುದಿಲ್ಲ, ಗಂಡ ಸಾಲದಿಂದ ಬಿಡುಗಡೆಯಾಗುವುದೂ ಇಲ್ಲ. ಡೀಡ್ ಬೇರೆ, ಸಾಲ ಬೇರೆ.

ಈಗಿನ ಡೀಡ್ ಮೊದಲು ಕೈಗೆ ಬರಲಿ

ಹೊಸ ಡೀಡಿಗೆ ಬೇಕಾದ ಮುಕ್ಕಾಲು ಪಾಲು ಮಾತು ಹಳೇ ಡೀಡಿನಲ್ಲೇ ಇದೆ. ಮನೆ ಕೊಂಡಾಗ ಟೈಟಲ್ ಕಂಪನಿ (ಹಕ್ಕಿನ ದಾಖಲೆ ಪರಿಶೀಲಿಸಿ ಅದಕ್ಕೆ ವಿಮೆ ಕೊಡುವವರು) ಕೊಟ್ಟ ಫೈಲಿನಲ್ಲಿ ಹುಡುಕಿ, ಇಲ್ಲದಿದ್ದರೆ ರೆಕಾರ್ಡರ್ ಕಚೇರಿಯಲ್ಲಿ ಕೆಲವೇ ಡಾಲರಿಗೆ ನಕಲು ಸಿಗುತ್ತದೆ. ಬಲ ಮೇಲ್ಮೂಲೆಯಲ್ಲಿ ಡಾಕ್ಯುಮೆಂಟ್ ನಂಬರು, ತಾರೀಕು ಒತ್ತಿರುವ ಪ್ರತಿಯೇ ಬೇಕು. ಕೊಂಡ ಮೇಲೆ ಸಾಲ ರಿಫೈನಾನ್ಸ್ ಮಾಡಿದ್ದರೆ (ಹೊಸ ಸಾಲದಿಂದ ಹಳೇದನ್ನು ತೀರಿಸಿದ್ದರೆ) ನಡುವೆ ಇನ್ನೊಂದು ಡೀಡ್ ಆಗಿರುವ ಸಾಧ್ಯತೆಯಿದೆ. ಟ್ರಸ್ಟಿನಿಂದ ಮನೆ ಹೊರತೆಗೆದು, ಸಾಲ ಮುಗಿದ ಮೇಲೆ ಮತ್ತೆ ಒಳಗೆ ಹಾಕುವುದನ್ನು ಮರೆತ ಪ್ರಕರಣಗಳು ಬೇಕಾದಷ್ಟಿವೆ. ಇಂಡೆಕ್ಸಿನಲ್ಲಿ ನಿಮ್ಮ ಹೆಸರು ಹಾಕಿ, ಎಲ್ಲಕ್ಕಿಂತ ಈಚಿನ ಡೀಡ್ ಯಾವುದು ಎಂದು ಗಟ್ಟಿ ಮಾಡಿಕೊಳ್ಳಿ.

ಡೀಡ್ ಆಫ್ ಟ್ರಸ್ಟ್ ಎಂಬುದೂ ಅದೇ ಫೈಲಿನಲ್ಲಿರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ, ಅದು ಬ್ಯಾಂಕಿಗೆ ಬರೆದುಕೊಟ್ಟ ಅಡಮಾನ ಪತ್ರ.

ಯಾವ ಡೀಡ್?

ಕ್ಯಾಲಿಫೋರ್ನಿಯಾದಲ್ಲಿ ರೂಢಿಯಲ್ಲಿರುವುದು ಗ್ರ್ಯಾಂಟ್ ಡೀಡ್. ಅದರಲ್ಲಿ "ಗ್ರ್ಯಾಂಟ್" ಎಂಬ ಪದವಿದ್ದರೆ ಸಾಕು, ಕೊಡುವವರು ಇದೇ ಹಕ್ಕನ್ನು ಈ ಮುಂಚೆ ಬೇರೆಯವರಿಗೆ ಕೊಟ್ಟಿಲ್ಲ, ತಾವು ಮಾಡಿದ ಮುಚ್ಚಿಟ್ಟ ಋಣಭಾರ ಇಲ್ಲ ಎಂಬ ಎರಡು ಭರವಸೆಗಳನ್ನು ಕಾನೂನೇ ಒಳಗೆ ಸೇರಿಸುತ್ತದೆ. ಕ್ವಿಟ್‌ಕ್ಲೇಮ್ ಡೀಡಿನಲ್ಲಿ ಯಾವ ಭರವಸೆಯೂ ಇಲ್ಲ: ನನಗೇನಾದರೂ ಹಕ್ಕಿದ್ದರೆ ಅದು ನಿನ್ನದು, ಇಲ್ಲದಿದ್ದರೆ ಇಲ್ಲ. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆಂದು ಎಲ್ಲದಕ್ಕೂ ಕ್ವಿಟ್‌ಕ್ಲೇಮ್ ಬಳಸುವವರಿದ್ದಾರೆ. ಟೈಟಲ್ ಇನ್ಶೂರೆನ್ಸಿನ ರಕ್ಷಣೆಗೆ ಅದು ಒಳ್ಳೆಯದಲ್ಲ. ಗಂಡ-ಹೆಂಡತಿಯರ ನಡುವೆ ಇಂಟರ್‌ಸ್ಪೌಸಲ್ ಟ್ರಾನ್ಸ್‌ಫರ್ ಗ್ರ್ಯಾಂಟ್ ಡೀಡ್, ಟ್ರಸ್ಟಿಗಾದರೆ ಟ್ರಸ್ಟ್ ಟ್ರಾನ್ಸ್‌ಫರ್ ಡೀಡ್ ಎಂಬ ಸಿದ್ಧ ನಮೂನೆಗಳಿವೆ. ಎರಡೂ ಗ್ರ್ಯಾಂಟ್ ಡೀಡಿನ ಮರಿಗಳೇ, ತೆರಿಗೆ ವಿನಾಯಿತಿಯ ಸಾಲುಗಳನ್ನು ಮೊದಲೇ ಅಚ್ಚು ಹಾಕಿರುತ್ತಾರೆ ಅಷ್ಟೇ.

ತಾನು ಸತ್ತ ಮೇಲೆ ಮನೆ ಇಂಥವರಿಗೆ ಎಂದು ಬರೆಯುವ ಟಿಒಡಿ ಡೀಡ್ 2016ರಿಂದ ಇದೆ. ಅದರ ಕಟ್ಟುಪಾಡು ಬೇರೆ: 2022ರಿಂದ ಇಬ್ಬರು ಸಾಕ್ಷಿಗಳು ಬೇಕು, ನೋಟರಿಯ ಮುಂದೆ ಸಹಿಯಾದ 60 ದಿನದೊಳಗೆ ರೆಕಾರ್ಡ್ ಆಗಲೇಬೇಕು. 61ನೇ ದಿನಕ್ಕೆ ಅದು ಬರೀ ಕಾಗದ.

ಹೆಸರು, ಹಕ್ಕಿನ ಬಗೆ

ಹೆಚ್ಚು ಎಡವುವ ಜಾಗ ಇದು. ಕೊಡುವವರ ಹೆಸರು ಈಗಿನ ಡೀಡಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಬರಬೇಕು. ನಮ್ಮ ಹೆಸರುಗಳ ಪಾಡು ಗೊತ್ತೇ ಇದೆ. ಡೀಡಿನಲ್ಲಿ "ಎಸ್. ಮಂಜುನಾಥ", ಪಾಸ್‌ಪೋರ್ಟಿನಲ್ಲಿ "ಮಂಜುನಾಥ ಶಿವಣ್ಣ", ಪ್ರಜೆಯಾಗುವಾಗ ಊರಿನ ಹೆಸರೂ ಸೇರಿ ಇನ್ನೊಂದು. ನೋಟರಿ ಗುರುತಿನ ಚೀಟಿಯ ಹೆಸರಿಗೇ ಕಟ್ಟುಬೀಳುತ್ತಾರೆ, ಇಂಡೆಕ್ಸ್ ಡೀಡಿನ ಹೆಸರಿಗೆ. ಎರಡನ್ನೂ ಕೂಡಿಸಲು ದಾರಿ ಇದೆ: ಈಗಿನ ಕಾನೂನುಬದ್ಧ ಹೆಸರು ಬರೆದು, ಅದರ ಬೆನ್ನಿಗೇ "ಹೂ ಅಕ್ವೈರ್ಡ್ ಟೈಟಲ್ ಆಸ್" (ಈ ಹೆಸರಿನಲ್ಲಿ ಹಕ್ಕು ಪಡೆದವರು) ಎಂದು ಹಳೇ ಡೀಡಿನ ಹೆಸರು ಹಾಕುವುದು. ಹೆಸರು ಬದಲಾದವರು ಹಕ್ಕು ಪಡೆದಾಗಿನ ಹೆಸರನ್ನು ಹೇಳಲೇಬೇಕು ಎಂದು ಸಿವಿಲ್ ಕೋಡಿನ 1096ನೇ ಸೆಕ್ಷನ್ನೇ ಹೇಳುತ್ತದೆ. ಇದನ್ನು ಬಿಟ್ಟರೆ ಡೀಡ್ ರೆಕಾರ್ಡೇನೋ ಆಗುತ್ತದೆ. ಆದರೆ ಮುಂದೆ ಹುಡುಕುವವರಿಗೆ ಸರಪಳಿಯ ಒಂದು ಕೊಂಡಿ ಕಾಣುವುದಿಲ್ಲ.

ಗಂಡನೇ ಕೊಡುವವನು, ಗಂಡ-ಹೆಂಡತಿ ಇಬ್ಬರೂ ಪಡೆಯುವವರು. "ನನ್ನ ಹೆಸರು ಹೇಗೂ ಇದೆಯಲ್ಲ" ಎಂದು ಪಡೆಯುವವರ ಜಾಗದಲ್ಲಿ ಹೆಂಡತಿಯ ಹೆಸರನ್ನಷ್ಟೇ ಬರೆದರೆ, ಪೂರ್ತಿ ಮನೆ ಆಕೆಗೆ ಹೋಗುತ್ತದೆ. ಇದು ತಮಾಷೆಯಲ್ಲ, ಮನೆಯಲ್ಲೇ ಬರೆದ ಡೀಡುಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು.

ಪಡೆಯುವವರ ಹೆಸರಿನ ಮುಂದೆ ಹಕ್ಕಿನ ಬಗೆ ಬರೆಯಬೇಕು. ಟೆನೆಂಟ್ಸ್ ಇನ್ ಕಾಮನ್ ಎಂದರೆ ಪಾಲು ಪಾಲೇ. ಒಬ್ಬರು ತೀರಿಕೊಂಡರೆ ಅವರ ಪಾಲು ವಿಲ್ ಪ್ರಕಾರವೋ ವಾರಸುದಾರರಿಗೋ ಹೋಗುತ್ತದೆ. ಜಾಯಿಂಟ್ ಟೆನೆಂಟ್ಸ್ ಎಂದರೆ ಉಳಿದವರಿಗೆ ತಾನಾಗಿ ಪೂರ್ತಿ. 2001ರ ಜುಲೈಯಿಂದ ಗಂಡ-ಹೆಂಡತಿಗೆ ಕಮ್ಯುನಿಟಿ ಪ್ರಾಪರ್ಟಿ (ದಂಪತಿಗಳ ಜಂಟಿ ಆಸ್ತಿ) ವಿತ್ ರೈಟ್ ಆಫ್ ಸರ್ವೈವರ್‌ಶಿಪ್ ಎಂಬ ಮೂರನೇ ದಾರಿ ಇದೆ, ಅದರಲ್ಲೂ ಉಳಿದವರಿಗೆ ತಾನಾಗಿ ಪೂರ್ತಿ.

ಹಾಗಿದ್ದರೆ ಜಾಯಿಂಟ್ ಟೆನೆನ್ಸಿಗೂ ಇದಕ್ಕೂ ಏನು ವ್ಯತ್ಯಾಸ? ಮುಂದೆ ಮಾರಿದಾಗ ಲಾಭದ ಮೇಲೆ ಬೀಳುವ ತೆರಿಗೆಯದು. 8 ಲಕ್ಷ ಡಾಲರಿಗೆ ಕೊಂಡ ಮನೆ, ಗಂಡ ತೀರಿಕೊಂಡಾಗ 20 ಲಕ್ಷ ಬಾಳುತ್ತಿದೆ ಎನ್ನಿ. ಜಾಯಿಂಟ್ ಟೆನೆನ್ಸಿಯಲ್ಲಿ ಸತ್ತವರ ಅರ್ಧಕ್ಕೆ ಮಾತ್ರ ಹೊಸ ಬೆಲೆ: 4 ಲಕ್ಷಕ್ಕೆ 10 ಲಕ್ಷ ಕೂಡಿ ಅಸಲು (ಲಾಭ ಎಣಿಸುವಾಗ ಮಾರಿದ ಬೆಲೆಯಿಂದ ಕಳೆಯುವ ಮೊತ್ತ) 14 ಲಕ್ಷ. ಕಮ್ಯುನಿಟಿ ಪ್ರಾಪರ್ಟಿಯಲ್ಲಿ ಎರಡೂ ಅರ್ಧಕ್ಕೆ ಹೊಸ ಬೆಲೆ ಸಿಕ್ಕಿ ಅಸಲು 20 ಲಕ್ಷ. ಆಕೆ ಮರುದಿನವೇ ಮಾರಿದರೂ ಲಾಭವೆಂದು ತೋರಿಸಲು ಏನೂ ಇರುವುದಿಲ್ಲ. ಒಂದು ಸಾಲಿನ ಪದಗಳಿಗೆ 6 ಲಕ್ಷ ಡಾಲರ್ ಲಾಭದ ವ್ಯತ್ಯಾಸ. ನಮೂನೆಯಲ್ಲಿ ಮೊದಲೇ ಅಚ್ಚಾಗಿರುವ "ಜಾಯಿಂಟ್ ಟೆನೆಂಟ್ಸ್" ಅನ್ನು ಓದದೆ ಸಹಿ ಹಾಕಬೇಡಿ ಎನ್ನುವುದು ಇದಕ್ಕೇ.

ಈ ಬಗೆಯ ಹಕ್ಕಾದರೆ ಡೀಡಿನ ಮೈಮೇಲೆ ಅದನ್ನು ಪೂರ್ತಿ ಪದಗಳಲ್ಲಿ ಬರೆಯಬೇಕು. ಪಡೆಯುವ ಇಬ್ಬರೂ ಒಪ್ಪಿದ್ದೇವೆ ಎಂದು ಕೆಳಗೆ ಸಹಿ ಅಥವಾ ಇನಿಶಿಯಲ್ ಹಾಕುವುದು ರೂಢಿ. ಮತ್ತೊಂದು ಕಟ್ಟು ಫ್ಯಾಮಿಲಿ ಕೋಡಿನ 852ನೇ ಸೆಕ್ಷನ್: ಪ್ರತ್ಯೇಕ ಆಸ್ತಿಯನ್ನು ಕಮ್ಯುನಿಟಿ ಆಸ್ತಿಯಾಗಿ ಬದಲಿಸುತ್ತಿದ್ದೇನೆ ಎಂದು ಹಕ್ಕು ಬಿಟ್ಟುಕೊಡುವವರು ಸ್ಪಷ್ಟವಾಗಿ ಬರಹದಲ್ಲಿ ಹೇಳಿರಬೇಕು. ಈ ಒಂದು ವಾಕ್ಯಕ್ಕೆ ವಕೀಲರಿಗೆ ಫೀ ಕೊಟ್ಟರೆ ನಷ್ಟವಿಲ್ಲ.

ಆಸ್ತಿಯ ವಿವರಣೆ

ಮನೆಯ ವಿಳಾಸ ಸಾಲದು, ಎಪಿಎನ್ ಕೂಡ ಸಾಲದು. ಯಾವ ಟ್ರ್ಯಾಕ್ಟಿನ (ಬಡಾವಣೆಯ) ಯಾವ ಲಾಟ್, ಆ ನಕ್ಷೆ ಕೌಂಟಿಯ ಮ್ಯಾಪ್ ಪುಸ್ತಕದ ಎಷ್ಟನೇ ಸಂಪುಟ, ಎಷ್ಟನೇ ಪುಟ ಎಂಬ ವಿವರಣೆ ಬೇಕು. ಕಾಂಡೊ (ಫ್ಲ್ಯಾಟ್) ಆದರೆ ಯೂನಿಟ್ ನಂಬರಿನ ಜೊತೆ ಸಾಮಾನ್ಯ ಜಾಗದಲ್ಲಿನ ಪಾಲು, ಕಾರು ನಿಲ್ಲಿಸುವ ಜಾಗದ ಹಕ್ಕು ಎಲ್ಲ ಸೇರಿ ಒಂದು ಪುಟವನ್ನೇ ತಿನ್ನುತ್ತದೆ. ಉದ್ದವಿದ್ದರೆ "ಎಕ್ಸಿಬಿಟ್ ಎ" ಎಂದು ಬೇರೆ ಹಾಳೆಯಲ್ಲಿ ಹಾಕಿ, ಡೀಡಿನೊಳಗೆ ಅದನ್ನು ಹೆಸರಿಸಿ. ಟೈಪ್ ಮಾಡಿದ ಮೇಲೆ ಒಬ್ಬರು ಹಳೇದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸದರ ಮೇಲೆ ಬೆರಳಿಟ್ಟು ಹೋಗಬೇಕು. ಲಾಟ್ 21 ಎಂಬುದು 12 ಆದರೆ ನೀವು ಬರೆದುಕೊಟ್ಟದ್ದು ಪಕ್ಕದ ಬೀದಿಯವರ ಮನೆ.

1948ಕ್ಕೆ ಮುಂಚಿನ ಬಡಾವಣೆಗಳ ಹಳೇ ಪತ್ರಗಳಲ್ಲಿ ಬಿಳಿಯರಲ್ಲದವರಿಗೆ ಮಾರುವಂತಿಲ್ಲ, ಅವರು ಇಲ್ಲಿ ವಾಸಿಸುವಂತಿಲ್ಲ ಎಂಬ ಷರತ್ತು ಕಂಡರೆ ಗಾಬರಿ ಬೇಡ. ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದಿತು. ಅದನ್ನು ನಿಮ್ಮ ಡೀಡಿಗೆ ನಕಲಿಸಬೇಡಿ. ದಾಖಲೆಯಿಂದ ಅಳಿಸಲು ರೆಸ್ಟ್ರಿಕ್ಟಿವ್ ಕವನೆಂಟ್ ಮಾಡಿಫಿಕೇಶನ್ ಎಂಬ ಪ್ರತ್ಯೇಕ ಅರ್ಜಿಯಿದೆ.

ಮೊದಲ ಪುಟ, ಇಂಚು ಇಂಚಾಗಿ

ಹಾಳೆ 8.5 ಇಂಚು ಅಗಲ, 11 ಇಂಚು ಉದ್ದ. ಊರಿನಿಂದ ಎ4 ಹಾಳೆಯಲ್ಲಿ ಅಚ್ಚು ಹಾಕಿ ಕಳಿಸಿದರೆ ಅಳತೆ ತಪ್ಪಿ ಪುಟಕ್ಕೆ 3 ಡಾಲರ್ ಹೆಚ್ಚುವರಿ ಬೀಳಬಹುದು. ಮೊದಲ ಪುಟದ ಮೇಲಿನ 2.5 ಇಂಚು ನಿಮ್ಮದಲ್ಲ. ಅದರಲ್ಲಿ ಎಡಗಡೆಯ 3.5 ಇಂಚಿನಲ್ಲಿ ರೆಕಾರ್ಡ್ ಮಾಡಿಸುತ್ತಿರುವವರ ಹೆಸರು, ಪತ್ರ ಹಿಂದಿರುಗಿಸಬೇಕಾದ ಹೆಸರು-ವಿಳಾಸ. ಬಲಗಡೆಯ 5 ಇಂಚು ಖಾಲಿ, ಅಲ್ಲಿ ರೆಕಾರ್ಡರ್ ಮೊಹರು. ಅದರ ಕೆಳಗೆ ಡೀಡಿನ ಶೀರ್ಷಿಕೆ. ತೆರಿಗೆ ಬಿಲ್ ಎಲ್ಲಿಗೆ ಕಳಿಸಬೇಕು ಎಂಬ ವಿಳಾಸವೂ ಮೊದಲ ಪುಟದಲ್ಲೇ ಇರಬೇಕು. ಎಡಬಲದ ಅಂಚು ಅರ್ಧ ಇಂಚಾದರೂ ಇರಲಿ. ಆ ಅಂಚಿಗೆ ನೋಟರಿಯ ಮೊಹರು ಜಾರಿದರೆ ಸ್ಕ್ಯಾನಿನಲ್ಲಿ ಕತ್ತರಿಸಿಹೋಗುತ್ತದೆ. ಜಾಗ ಸಾಲದಿದ್ದರೆ ಬೇರೆ ಮುಖಪುಟ ಹಾಕಬಹುದು, ಅದಕ್ಕೂ ಒಂದು ಪುಟದ ಫೀ.

ಸೋಷಿಯಲ್ ಸೆಕ್ಯುರಿಟಿ ನಂಬರನ್ನು ಎಲ್ಲೂ ಬರೆಯಬೇಡಿ. ರೆಕಾರ್ಡ್ ಆದ ಡೀಡ್ ಸಾರ್ವಜನಿಕ ದಾಖಲೆ.

ಟ್ರಾನ್ಸ್‌ಫರ್ ಟ್ಯಾಕ್ಸ್ ಸಾಲು

ಇದು ಆಸ್ತಿ ಕೈ ಬದಲಾದಾಗಿನ ತೆರಿಗೆ, ಡೀಡಿನಲ್ಲೇ ಘೋಷಿಸಬೇಕು. ಮಾರಾಟವಾದರೆ ಕೌಂಟಿಯ ದರ ಪ್ರತಿ 500 ಡಾಲರಿಗೆ 55 ಸೆಂಟ್, ಎಂದರೆ ಸಾವಿರಕ್ಕೆ 1.10 ಡಾಲರ್. 15 ಲಕ್ಷದ ಮನೆಗೆ 1,650 ಡಾಲರ್. ಸ್ಯಾನ್ ಹೊಸೆ, ಮೌಂಟನ್ ವ್ಯೂ ನಗರಗಳಲ್ಲಿ ನಗರದ ತೆರಿಗೆ ಬೇರೆ, ಸಾವಿರಕ್ಕೆ 3.30, ಅದೇ ಬೆಲೆಗೆ ಇನ್ನೂ 4,950. ಸ್ಯಾನ್ ಹೊಸೆಯಲ್ಲಿ ಭಾರೀ ಬೆಲೆಯ ಆಸ್ತಿಗೆ ಇದರ ಮೇಲೂ ಒಂದಿದೆ.

ಹೆಂಡತಿಗೆ ಉಡುಗೊರೆಯಾಗಿ ಕೊಡುವಾಗ ತೆರಿಗೆ ಸೊನ್ನೆ. ಆದರೆ ಸೊನ್ನೆ ಎಂದು ಬರೆದು ಸುಮ್ಮನಾದರೆ ಹಿಂದಕ್ಕೆ ಬರುತ್ತದೆ. ಕಾರಣವನ್ನೂ ಸೆಕ್ಷನ್ನನ್ನೂ ಹೇಳಬೇಕು: ಉಡುಗೊರೆಯಾದರೆ ರೆವೆನ್ಯೂ ಅಂಡ್ ಟ್ಯಾಕ್ಸೇಶನ್ ಕೋಡಿನ 11930, ವಿಚ್ಛೇದನದಲ್ಲಿ ಹಂಚಿಕೆಯಾದರೆ 11927. ಟ್ರಸ್ಟಿಗೆ ಹಾಕುವಾಗಲೂ ರೂಢಿಯಲ್ಲಿರುವುದು 11930. ಮನೆ ಯಾವ ನಗರದ ಗಡಿಯೊಳಗಿದೆ, ಇಲ್ಲವೇ ನಗರದ ಹೊರಗಿದೆಯೇ ಎಂಬ ಚೌಕವನ್ನೂ ತುಂಬಿ, ಘೋಷಣೆಗೆ ಸಹಿ ಹಾಕಿ. ಅಂಚೆ ವಿಳಾಸದಲ್ಲಿ ಸ್ಯಾನ್ ಹೊಸೆ ಎಂದಿದ್ದ ಮಾತ್ರಕ್ಕೆ ಮನೆ ಆ ನಗರದ ಗಡಿಯೊಳಗಿದೆ ಎಂದಲ್ಲ.

ನೋಟರಿ

ಕೊಡುವವರು ನೋಟರಿಯ ಮುಂದೆ ಖುದ್ದಾಗಿ ಹಾಜರಾಗಬೇಕು. ಕ್ಯಾಲಿಫೋರ್ನಿಯಾದ ನೋಟರಿ ಒಂದು ಸಹಿಯ ದೃಢೀಕರಣಕ್ಕೆ 15 ಡಾಲರಿಗಿಂತ ಹೆಚ್ಚು ಕೇಳುವಂತಿಲ್ಲ. ಮನೆಗೇ ಬರುವುದಾದರೆ ಓಡಾಟದ ಖರ್ಚು ಬೇರೆ. ಡೀಡಾದರೆ ನೋಟರಿ ತಮ್ಮ ಪುಸ್ತಕದಲ್ಲಿ ಬಲ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಹೆಬ್ಬೆಟ್ಟು ಇಲ್ಲಿ ಸಿಕ್ಕಿತು ನೋಡಿ.

ಕೌಂಟರಿನಿಂದ ಹಿಂದಕ್ಕೆ ಬರುವ ಡೀಡುಗಳಲ್ಲಿ ನೋಟರಿಯ ಪುಟದ ದೋಷಕ್ಕೆ ದೊಡ್ಡ ಪಾಲಿದೆ. ಕುರ್ಚಿಯಿಂದ ಏಳುವ ಮುಂಚೆ ನೀವೇ ನೋಡಿ: ಮೇಲೆ ಚೌಕದೊಳಗೆ, ನೋಟರಿ ಗುರುತನ್ನು ಮಾತ್ರ ದೃಢೀಕರಿಸುತ್ತಾರೆ, ಪತ್ರದ ಸತ್ಯಾಸತ್ಯತೆಯನ್ನಲ್ಲ ಎಂಬ ಎಚ್ಚರಿಕೆ ಇದೆಯೇ, ಸಹಿಯಾದ ಕೌಂಟಿಯ ಹೆಸರು ತುಂಬಿದೆಯೇ (ಮನೆ ಇರುವ ಕೌಂಟಿಯಲ್ಲ, ಸಹಿ ಹಾಕಿದ ಕೌಂಟಿ), ಸರ್ಟಿಫಿಕೇಟಿನ ತಾರೀಕು ಡೀಡಿನ ತಾರೀಕಿಗಿಂತ ಹಿಂದಿನದಲ್ಲವಷ್ಟೆ, ನಿಮ್ಮ ಹೆಸರು ಸಹಿಯ ಕೆಳಗೆ ಅಚ್ಚಾದಂತೆಯೇ ಇದೆಯೇ, ಮೊಹರಿನ ಅಂಚು ಪೂರ್ತಿ ಮೂಡಿ, ಯಾವ ಅಕ್ಷರದ ಮೇಲೂ ಕೂರದೆ ಇದೆಯೇ. ಮಸುಕಾಗಿದ್ದರೆ ಪಕ್ಕದಲ್ಲಿ ಇನ್ನೊಂದು ಸಲ ಒತ್ತಿಸಿ.

ಕೊಡಬೇಕಾದವರು ಬೆಂಗಳೂರಿನಲ್ಲಿದ್ದರೆ? ಅಲ್ಲಿನ ನೋಟರಿ ದುಂಡು ಮೊಹರು ಒತ್ತಿ "ಅಟೆಸ್ಟೆಡ್" ಎಂದು ಸಹಿ ಹಾಕಿದ ಪತ್ರ ಇಲ್ಲಿ ನಡೆಯುವುದಿಲ್ಲ. ಎರಡು ದಾರಿಗಳಿವೆ. ಒಂದು, ಅಮೆರಿಕನ್ ಕಾನ್ಸುಲೇಟಿನ ಅಧಿಕಾರಿಯ ಮುಂದೆ ಸಹಿ. ಕರ್ನಾಟಕದವರು ಈ ಕೆಲಸಕ್ಕೆ ಹೋಗುತ್ತ ಬಂದಿರುವುದು ಚೆನ್ನೈಗೆ. ಒಂದು ಮೊಹರಿಗೆ 50 ಡಾಲರ್, ಮುಂಚೆ ಅಪಾಯಿಂಟ್‌ಮೆಂಟ್ ಬೇಕು. ಎರಡು, ಭಾರತದ ನೋಟರಿಯಿಂದ ಸರಿಯಾದ ಅಕ್ನಾಲೆಜ್‌ಮೆಂಟ್ ಸರ್ಟಿಫಿಕೇಟ್ (ಸಹಿ ತಮ್ಮದೇ ಎಂದು ಖುದ್ದಾಗಿ ಬಂದು ಒಪ್ಪಿಕೊಂಡರು ಎಂಬ ಬರಹ) ಪಡೆದು, ರಾಜ್ಯ ಸರ್ಕಾರದ ದೃಢೀಕರಣ ಮಾಡಿಸಿ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ (ಒಪ್ಪಂದದ ದೇಶಗಳು ಮಾನ್ಯ ಮಾಡುವ ದೃಢೀಕರಣ) ಹಾಕಿಸುವುದು. ಭಾರತ 2005ರಿಂದ ಅಪಾಸ್ಟಿಲ್ ಒಪ್ಪಂದದಲ್ಲಿದೆ. ಶಾಯಿಯ ಸಹಿಯಿರುವ ಮೂಲ ಪತ್ರವೇ ಕೊರಿಯರಿನಲ್ಲಿ ಬರಬೇಕು. ವಾಟ್ಸಾಪಿನಲ್ಲಿ ಬಂದ ಪಿಡಿಎಫ್‌ನ ಪ್ರಿಂಟ್ ಕೌಂಟರ್ ದಾಟುವುದಿಲ್ಲ. ಪವರ್ ಆಫ್ ಅಟಾರ್ನಿ ಮೇಲೆ ಬೇರೆಯವರು ಸಹಿ ಹಾಕುವುದಾದರೆ ಅದಕ್ಕೂ ಇದೇ ಬಗೆಯ ದೃಢೀಕರಣ ಬೇಕು, ಅದನ್ನೂ ಡೀಡಿನ ಜೊತೆ ರೆಕಾರ್ಡ್ ಮಾಡಿಸಬೇಕು.

ಅಸೆಸರ್‌ಗೆ ಹೋಗುವ ಫಾರಂ

ಡೀಡಿನ ಜೊತೆ ಪಿಸಿಒಆರ್ (ಒಡೆತನ ಬದಲಾವಣೆಯ ಪ್ರಾಥಮಿಕ ವರದಿ) ಎಂಬ ಫಾರಂ ಕೊಡಬೇಕು, ನಂಬರು ಬಿಒಇ-502-ಎ. ಸಹಿ ಹಾಕುವುದು ಪಡೆಯುವವರು. ಇದು ರೆಕಾರ್ಡ್ ಆಗುವುದಿಲ್ಲ, ಸಾರ್ವಜನಿಕವೂ ಅಲ್ಲ. ಮೊದಲ ಭಾಗದ "ಎ" ಪ್ರಶ್ನೆ ಗಂಡ-ಹೆಂಡತಿಯರ ನಡುವಿನ ವರ್ಗಾವಣೆಯದು, ಅಲ್ಲಿ ಹೌದು ಎಂದು ಗುರುತು ಹಾಕಿ. ರದ್ದು ಮಾಡಬಲ್ಲ ಟ್ರಸ್ಟಾದರೆ "ಎಲ್" ಪ್ರಶ್ನೆ. ಈ ಗುರುತಿನ ಮೇಲೆ ನಿಮ್ಮ ಕಂದಾಯ ಏರಬೇಕೋ ಬೇಡವೋ ಎಂದು ಅಸೆಸರ್ ನಿರ್ಧರಿಸುವುದರಿಂದ ಆತುರದಲ್ಲಿ ತುಂಬುವ ಫಾರಂ ಇದಲ್ಲ.

ಫಾರಂ ಇಲ್ಲದೆ ಹೋದರೆ 20 ಡಾಲರ್ ಹೆಚ್ಚುವರಿ ಕಟ್ಟಿ ರೆಕಾರ್ಡ್ ಮಾಡಿಸಬಹುದು. ಆಮೇಲೆ ಅಸೆಸರ್ ಇನ್ನೊಂದು ಫಾರಂ ಕಳಿಸುತ್ತಾರೆ. ಅದಕ್ಕೆ 90 ದಿನದೊಳಗೆ ಉತ್ತರಿಸದಿದ್ದರೆ 100 ಡಾಲರ್ ಅಥವಾ ತೆರಿಗೆಯ ಶೇ 10, ಯಾವುದು ಹೆಚ್ಚೋ ಅಷ್ಟು ದಂಡ.

ಫೀ ಮತ್ತು ಸಲ್ಲಿಕೆ

ಕಾನೂನಿನ ಮೂಲ ದರ ಮೊದಲ ಪುಟಕ್ಕೆ 10 ಡಾಲರ್, ನಂತರದ ಪ್ರತಿ ಪುಟಕ್ಕೆ 3. ಮೇಲೆ ಕೌಂಟಿ ಕೌಂಟಿಗೆ ಬದಲಾಗುವ ಸಣ್ಣ ಸೇರ್ಪಡೆಗಳಿರುವುದರಿಂದ ಆ ವಾರದ ದರಪಟ್ಟಿಯನ್ನು ಕೌಂಟಿಯ ತಾಣದಲ್ಲೇ ನೋಡಿ. ದೊಡ್ಡ ಮೊತ್ತ ಬೇರೆಯದು: 2018ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಎಸ್‌ಬಿ 2 ಕಾನೂನಿನ ಫೀ, ದಾಖಲೆಗೆ 75 ಡಾಲರ್. ಇಲ್ಲೊಂದು ಗೊಂದಲವಿದೆ. ಟ್ರಾನ್ಸ್‌ಫರ್ ಟ್ಯಾಕ್ಸ್ ಕಟ್ಟಿದವರಿಗೆ ಈ 75 ಮಾಫಿ. ಆ ತೆರಿಗೆಯಿಂದ ವಿನಾಯಿತಿ ಪಡೆದವರಿಗೆ ಇದು ಬೀಳುತ್ತದೆ. ತಪ್ಪಿಸಿಕೊಳ್ಳುವ ದಾರಿ, ಪಡೆಯುವವರು ಅದೇ ಮನೆಯಲ್ಲಿ ವಾಸ ಇರುವುದು. ಹಾಗಿದ್ದರೆ ಗವರ್ನ್‌ಮೆಂಟ್ ಕೋಡ್ 27388.1ರ ಪ್ರಕಾರ, ವಾಸಕ್ಕಿರುವ ಒಡೆಯರಿಗೆ ವರ್ಗಾವಣೆಯಾಗುತ್ತಿರುವ ವಾಸದ ಮನೆ ಎಂದು ಮೊದಲ ಪುಟದಲ್ಲೇ ಬರೆದಿರಬೇಕು. ಬರೆಯದಿದ್ದರೆ ಕೌಂಟರಿನವರು ನಿಮ್ಮ ಪರವಾಗಿ ಊಹಿಸುವುದಿಲ್ಲ. ಬಾಡಿಗೆಗೆ ಕೊಟ್ಟ ಮನೆಗೆ ಈ ಮಾಫಿ ಇಲ್ಲ.

ಖುದ್ದಾಗಿ ಹೋಗುವುದೇ ಮೇಲು. ದೋಷವಿದ್ದರೆ ಅಲ್ಲೇ ಗೊತ್ತಾಗುತ್ತದೆ. ದಾಖಲೆ ತೆಗೆದುಕೊಳ್ಳುವ ಸಮಯ ಕಚೇರಿ ಮುಚ್ಚುವುದಕ್ಕಿಂತ ಮುಂಚೆಯೇ ಮುಗಿಯಬಹುದು, ಆದ್ದರಿಂದ ಬೆಳಗ್ಗೆ ಹೋಗಿ. ಅಂಚೆಯಲ್ಲಾದರೆ ಮೂಲ ಡೀಡ್, ಪಿಸಿಒಆರ್, ಚೆಕ್, ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಲಕೋಟೆ, ಇಷ್ಟನ್ನೂ ಜಾಡು ಹಿಡಿಯಬಹುದಾದ ಅಂಚೆಯಲ್ಲಿ ಕಳಿಸಿ. ಒಂದು ಡಾಲರ್ ಕಮ್ಮಿಯಿದ್ದರೂ ಪೂರ್ತಿ ಕಟ್ಟು ವಾಪಸ್ ಬರುತ್ತದೆ. ಹಲವು ಕೌಂಟಿಗಳು "ಇಷ್ಟಕ್ಕೆ ಮೀರದಂತೆ" ಎಂದು ಬರೆದ ಚೆಕ್ ಒಪ್ಪುತ್ತವೆ, ಒಮ್ಮೆ ಫೋನ್ ಮಾಡಿ ಕೇಳಿ. ಕಳಿಸುವ ಮುಂಚೆ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ರೆಕಾರ್ಡ್ ಆದ ಮೇಲೆ ತಪ್ಪು ಕಂಡರೆ

ರೆಕಾರ್ಡ್ ಆದ ಡೀಡನ್ನು ಹರಿದು ಹಾಕಿದರೆ ಅದು ರದ್ದಾಗುವುದಿಲ್ಲ, ತಿದ್ದಲೂ ಬರುವುದಿಲ್ಲ. ಲಾಟ್ ನಂಬರಿನಂಥ ಅಚ್ಚಿನ ತಪ್ಪಾದರೆ ಯಾವ ನಂಬರಿನ ದಾಖಲೆಯನ್ನು ಯಾವ ತಪ್ಪಿಗಾಗಿ ಸರಿಪಡಿಸುತ್ತಿದೆ ಎಂದು ಹೇಳಿ, ಹೊಸದಾಗಿ ಸಹಿ, ನೋಟರಿ ಮಾಡಿಸಿ ಸರಿಪಡಿಸಿದ ಡೀಡ್ ರೆಕಾರ್ಡ್ ಮಾಡಿಸಬೇಕು. ಪಡೆಯುವವರ ಹೆಸರೇ ಬಿಟ್ಟುಹೋಗಿದ್ದರೆ ಅದು ತಿದ್ದುವ ಮಾತಲ್ಲ. ಹಕ್ಕು ಆಗಲೇ ಕೈ ಬದಲಾಗಿದೆ, ಈಗಿನ ಒಡೆಯರೇ ಹಿಂದಿರುಗಿ ಇನ್ನೊಂದು ಡೀಡ್ ಬರೆದುಕೊಡಬೇಕು. ಸಹಿ ಹಾಕಬೇಕಾದವರು ತೀರಿಕೊಂಡಿದ್ದರೆ ಕೋರ್ಟು.

ಆಮೇಲಿನ ಸಣ್ಣ ಕೆಲಸಗಳು

ಮೂಲ ಡೀಡ್ ಅಂಚೆಯಲ್ಲಿ ಬರಲು ವಾರಗಳೇ ಆಗಬಹುದು. ಅಷ್ಟರೊಳಗೆ ಇಂಡೆಕ್ಸಿನಲ್ಲಿ ಹೊಸ ಡಾಕ್ಯುಮೆಂಟ್ ನಂಬರು ಬಂದಿದೆಯೇ, ಇಬ್ಬರ ಹೆಸರಿನ ಕಾಗುಣಿತವೂ ಸರಿಯಿದೆಯೇ ನೋಡಿ. ಮನೆಯ ಇನ್ಶೂರೆನ್ಸ್ ಏಜೆಂಟಿಗೆ ಹೊಸ ಹೆಸರು ತಿಳಿಸಿ. ಟ್ರಸ್ಟಿಗೆ ಹಾಕಿದ್ದರೆ ಟ್ರಸ್ಟಿನ ಹೆಸರೂ ಪಾಲಿಸಿಯಲ್ಲಿ ಬರಬೇಕು. ಟೈಟಲ್ ಕಂಪನಿಗೆ ಪತ್ರ ಬರೆದು, ಹಳೇ ಪಾಲಿಸಿಯ ರಕ್ಷಣೆ ಹೊಸ ಹೆಸರಿಗೂ ಮುಂದುವರಿಯುತ್ತದೆಯೇ, ಇಲ್ಲದಿದ್ದರೆ ಎಂಡಾರ್ಸ್‌ಮೆಂಟಿಗೆ (ಪಾಲಿಸಿಗೆ ಹಾಕುವ ಸೇರ್ಪಡೆಗೆ) ಎಷ್ಟು ಎಂದು ಕೇಳಿ.

ರೆಕಾರ್ಡ್ ಆದ ಕೆಲವು ವಾರಗಳಲ್ಲಿ ಸರ್ಕಾರಿ ನೋಟಿಸಿನಂತೆಯೇ ಕಾಣುವ ಪತ್ರವೊಂದು ಬರುವ ಸಾಧ್ಯತೆ ಹೆಚ್ಚು. ನಿಮ್ಮ ಎಪಿಎನ್, ಡಾಕ್ಯುಮೆಂಟ್ ನಂಬರು, ತಾರೀಕು ಎಲ್ಲ ಸರಿಯಾಗಿ ಅಚ್ಚಾಗಿರುತ್ತವೆ. ಡೀಡಿನ ಪ್ರಮಾಣಿತ ನಕಲಿಗೆ ಇಂಥ ದಿನದೊಳಗೆ ಇಷ್ಟು ಡಾಲರ್ ಕಳಿಸಿ ಎಂದಿರುತ್ತದೆ. ಸಾರ್ವಜನಿಕ ಇಂಡೆಕ್ಸಿನಿಂದ ಹೆಸರು ಹೆಕ್ಕಿ ಕಳಿಸುವ ಖಾಸಗಿ ಜಾಹೀರಾತು ಅದು. ಇದು ಸರ್ಕಾರಿ ಪತ್ರವಲ್ಲ ಎಂದು ಅದರಲ್ಲೇ ಬರೆದಿರಬೇಕೆಂದು ಕಾನೂನಿದೆ, ಹುಡುಕಿ ನೋಡಿ. ಕಟ್ಟಬೇಕಾದದ್ದೇನೂ ಇಲ್ಲ.